ಹೊಳೆ ಪಕ್ಕದ ಸರ್ಕಾರಿ ಕಾಡಿಗೆ ಯೋಜನೆ ಮಾಡುವಾಗ ಊರವರನ್ನು ಕೇಳಲೇಬೇಕಾ?

ಚಿಕ್ಕಮಗಳೂರು ಕಡೆಯಿಂದ, ಅದರಲ್ಲೂ ಮುತ್ತೋಡಿ, ಲಕ್ಕವಳ್ಳಿ ಸುತ್ತಿನವರಿಂದ ಪದೇ ಪದೇ ಬರುವ ಪ್ರಶ್ನೆ ಇದು. "ಕಾಡು ಸರ್ಕಾರದ್ದು, ಒಪ್ಪಿದ್ವಿ. ಆದರೆ ನಮ್ಮ ದನ, ನಮ್ಮ ನೀರು, ನಮ್ಮ ದಾರಿ ಎಲ್ಲಾ ಅಲ್ಲೇ ಇದೆಯಲ್ಲ, ನಾವು ಎಲ್ಲಿ ಮಾತಾಡೋದು?"

ಉತ್ತರ, ಇಲಾಖೆ ಮಾಡುತ್ತಿರುವುದು ಯಾವ ಯೋಜನೆಯ ಕಾಗದ ಅನ್ನುವುದರ ಮೇಲೆ ನಿಂತಿದೆ. ಸೋಮವಾಹಿನಿ ಹರಿಯುವ ಜಾಗರ ಕಣಿವೆಯನ್ನೇ ನೋಡಿ. 1951ರಲ್ಲಿ ಅದು ಬೇಟೆ ನಿಷೇಧದ ಕಾಡಾಯಿತು, 1974ರಲ್ಲಿ ಭದ್ರಾ ಅಭಯಾರಣ್ಯ, 1998ರಲ್ಲಿ ಹುಲಿ ಯೋಜನೆಗೂ ಸೇರಿತು. ಒಂದೇ ಕಾಡು, ಆದರೆ ಅಭಯಾರಣ್ಯದ ನಿರ್ವಹಣಾ ಯೋಜನೆ ಬೇರೆ, ಹುಲಿ ಸಂರಕ್ಷಣಾ ಯೋಜನೆ ಬೇರೆ, ಹೊರಗಿನ ಮೀಸಲು ಅರಣ್ಯಕ್ಕೆ ವರ್ಕಿಂಗ್ ಪ್ಲಾನ್, ಅಂದರೆ ಆ ಕಾಡಲ್ಲಿ ಏನೇನು ಕೆಲಸ ಮಾಡಬೇಕು ಅನ್ನುವ ಇಲಾಖೆಯ ಯೋಜನೆ, ಬೇರೆ.

ಅಭಯಾರಣ್ಯದ ಯೋಜನೆ ಮೊದಲೆಲ್ಲ ಇಲಾಖೆಯ ಒಳಗಿನ ವ್ಯವಹಾರ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಅದನ್ನು ಬದಲಿಸಿತು: ಅರಣ್ಯ ಹಕ್ಕು ಕಾಯ್ದೆ (ಕಾಡಲ್ಲಿ ಬದುಕುವವರ ಹಕ್ಕಿನ ಕಾಯ್ದೆ) ಅನ್ವಯಿಸುವ ಕಡೆ ಗ್ರಾಮಸಭೆ ಜೊತೆ ಸಮಾಲೋಚನೆ ಮಾಡಿಯೇ ಯೋಜನೆ ಸಿದ್ಧವಾಗಬೇಕು. ಹುಲಿ ಮೀಸಲಿನ ಬಫರ್ (ಸುತ್ತಲಿನ ಹೊರವಲಯ) ಗಡಿ ಗುರುತಿಸುವಾಗಲೂ ಗ್ರಾಮಸಭೆ ಬೇಕು. ಸಮಾಲೋಚನೆ ಅಂದರೆ ಒಪ್ಪಿಗೆ ಅಲ್ಲ, ಇದನ್ನು ನೆನಪಿಡಿ. ಕೇಳುತ್ತಾರೆ, ಕೇಳಿದ್ದಂತೆಲ್ಲ ಮಾಡಲೇಬೇಕು ಅಂತೇನಿಲ್ಲ.

ಅರಣ್ಯ ಹಕ್ಕಿನ ಗ್ರಾಮಸಭೆ ಪಂಚಾಯ್ತಿ ಕಟ್ಟಡದಲ್ಲಿ ನಡೆಯುವ ಆ ದೊಡ್ಡ ಸಭೆ ಅಲ್ಲ. ಅದು ನಿಮ್ಮ ಊರಿನದು, ಹಾಡಿಯದು. ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಸುಮ್ನೆ ಹತ್ತು ಜನ ಸಹಿ ಹಾಕಿ ಕಳಿಸಿದ ನಿರ್ಣಯ ನಿಲ್ಲುವುದು ಕಷ್ಟ. ಇದೇ ಕಾಯ್ದೆಯ 5ನೇ ಕಲಂ ಜಲಾನಯನ, ನೀರಿನ ಮೂಲ ಕಾಪಾಡುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಟ್ಟಿದೆ. ಹೊಳೆ ದಂಡೆಯ ಊರಿಗೆ ಇದಕ್ಕಿಂತ ಗಟ್ಟಿ ಹಿಡಿ ಬೇರೆ ಇಲ್ಲ ಅಂತ ನನ್ನ ಅನಿಸಿಕೆ, ಆದರೂ ಬಳಸುವವರು ಕಡಿಮೆ.

ಇನ್ನು ಕರಡು ಅಧಿಸೂಚನೆಗಳು, ಅಂದರೆ ಅಂತಿಮ ಆದೇಶಕ್ಕೆ ಮೊದಲು ಆಕ್ಷೇಪಣೆ ಕೇಳಿ ಸರ್ಕಾರ ಹೊರಡಿಸುವಂಥವು. ಸಕಲೇಶಪುರ, ಮೂಡಿಗೆರೆಯವರಿಗೆ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ (ಗಣಿಗಾರಿಕೆಯಂಥ ಕೆಲಸಕ್ಕೆ ಮಿತಿ ಹಾಕುವ ವಲಯದ) ಗಲಾಟೆ ಗೊತ್ತೇ ಇದೆ. 2024ರ ಜುಲೈ 31ರಂದು ಬಂದದ್ದು ಆರನೇ ಕರಡು, ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆಕ್ಷೇಪಣೆಗೆ 60 ದಿನ ಕೊಟ್ಟಿದ್ದರು. ಇಂಥ ಕರಡು ಬಂದಾಗ ಗ್ರಾಮಸಭೆಗೇ ಕಾಯಬೇಕಿಲ್ಲ, ಯಾರು ಬೇಕಾದರೂ ಬರೆಯಬಹುದು.

ಬರೆಯುವುದು ಹೇಗೆ ಅನ್ನುವಲ್ಲೇ ಎಲ್ಲರೂ ಎಡವುವುದು. "ನಮ್ಮ ಸಂಪೂರ್ಣ ವಿರೋಧವಿದೆ" ಅಂದರೆ ಅಧಿಕಾರಿ ಅದನ್ನು ವಿರೋಧದ ಕಟ್ಟಿಗೆ ಸೇರಿಸಿ ಮುಂದೆ ಹೋಗುತ್ತಾರೆ, ಅಷ್ಟೇ. ಬದಲಿಗೆ ಹೀಗೆ ಬರೆಯಿರಿ: ಇಂಥ ಸರ್ವೆ ನಂಬರ್ ಪಕ್ಕದಲ್ಲಿ ದನ ನೀರಿಗಿಳಿಯುವ ಜಾಗ ಇದೆ, ಬೇಸಿಗೆಯಲ್ಲಿ ಬೇರೆ ನೀರಿಲ್ಲ, ಆನೆ ಕಂದಕ ಅಲ್ಲೇ ತೋಡಿದರೆ ದಾರಿ ಮುಚ್ಚುತ್ತದೆ, ಸ್ವಲ್ಪ ಮೇಲಕ್ಕೆ ಸರಿಸಿ. ಇದಕ್ಕೆ ಹೌದು ಅಥವಾ ಇಲ್ಲ ಅನ್ನಲೇಬೇಕಾಗುತ್ತದೆ, ಅಲ್ವಾ?

ವರ್ಕಿಂಗ್ ಪ್ಲಾನ್ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಆಗುವಂಥದ್ದು. ಈಗಿನದು ಯಾವಾಗ ಮುಗಿಯುತ್ತೆ ಅಂತ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಮುಗಿಯುವುದಕ್ಕೆ ಒಂದೆರಡು ವರ್ಷ ಇರುವಾಗಲೇ ಅರ್ಜಿ ಕೊಟ್ಟುಬಿಡಿ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಏಳಬೇಡಿ.