ನಾಯಿ ಕಚ್ಚಿದರೆ ರೇಬೀಸ್ ವೈರಸ್ ಯಾವ ನರ ಹಿಡಿಯುತ್ತದೆ?

ಕಳೆದ ಮಳೆಗಾಲದಲ್ಲಿ ಉಡುಪಿಯ ಸಂತೆಕಟ್ಟೆಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗನ ಹಿಮ್ಮಡಿಗೆ ನಾಯಿಯ ಹಲ್ಲು ತಾಗಿತು. ಎರಡು ಕೆಂಪು ಗೀರು, ಅಷ್ಟೆ. "ರಕ್ತ ಬರ್ಲಿಲ್ಲ ಮಾರಾಯ್ತಿ, ಎಂತದ್ದೂ ಆಗುದಿಲ್ಲ" ಎನ್ನುತ್ತಾ ಅಜ್ಜಿ ಅರಸಿನ ಹುಡುಕಲು ಹೊರಟರು. ಸೊಸೆ ಕೇಳಲಿಲ್ಲ. ಹುಡುಗನ ಕಾಲನ್ನು ನಲ್ಲಿಯ ಕೆಳಗೆ ಹಿಡಿದು, ಬಟ್ಟೆ ಸೋಪು ಹಚ್ಚಿ ಕಾಲು ಗಂಟೆ ತೊಳೆದರು. ಅವನು ಬೊಬ್ಬೆ ಹಾಕುತ್ತಲೇ ಇದ್ದ. ಆಮೇಲೆ ರಿಕ್ಷಾ ಹತ್ತಿ ಇಂಜೆಕ್ಷನ್‌ಗೆ ಹೋದರು.

'ಬರೀ ಗೀರು' ಎನ್ನುವ ಮಾತು ನಮ್ಮಲ್ಲಿ ತುಂಬ ಹಳೆಯದು. ಹಲ್ಲು ಮಾಂಸಕ್ಕೆ ಇಳಿದರೆ ಮಾತ್ರ ಹೆದರಬೇಕು ಎಂಬ ಲೆಕ್ಕ ಅದು. ಊರಿನವರನ್ನೇ ದೂರುವುದು ಬೇಡ. ಲ್ಯಾಬುಗಳಲ್ಲೂ ಬಹಳ ಕಾಲ ಸ್ನಾಯುವಿನ ಕಥೆಯೇ ಜೋರಾಗಿತ್ತು.

ಹಳೆಯದೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ರೇಬೀಸ್, ಅಂದರೆ ಹುಚ್ಚುನಾಯಿ ರೋಗ, ಜೊಲ್ಲಿನಿಂದ ಹರಡುತ್ತದೆ ಎಂದು 1804ರಲ್ಲಿ ಗೊತ್ತಾಯಿತು, 1885ರಲ್ಲಿ ಪ್ಯಾಶ್ಚರ್ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಹಾಕಿದರು, ನಮ್ಮ ದೇಶದಲ್ಲಿ ಕುರಿಯ ಮಿದುಳಿನಿಂದ ಮಾಡಿದ ಲಸಿಕೆ ಬಂತು. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂದು ಹಿರಿಯರು ಇವತ್ತಿಗೂ ಹೆದರಿಸುವುದು ಅದನ್ನೇ. ಈ ವೈರಸ್ ಮಿದುಳಿಗೆ ಹೋಗುವುದು ರಕ್ತದಲ್ಲಲ್ಲ, ನರದ ಒಳಗೆ ಎಂಬುದೂ ಹಳೆಯ ವಿಷಯವೇ.

ಜಗಳ ಇದ್ದದ್ದು ಯಾವ ನರ ಎಂಬುದರಲ್ಲಿ. ಸ್ನಾಯುವಿಗೆ ಅಪ್ಪಣೆ ಒಯ್ಯುವ ನರವೋ, ಚರ್ಮದಿಂದ ಸುದ್ದಿ ತರುವ ನರವೋ? 1982ರಲ್ಲಿ, ನರ ಸ್ನಾಯುವನ್ನು ಸೇರುವ ಜಾಗದಲ್ಲಿ ವೈರಸ್ ಅಂಟಿಕೊಳ್ಳುವುದು ಕಂಡಿತು. ಪ್ರಯೋಗಗಳಲ್ಲಿ ವೈರಸ್ಸನ್ನು ಹೆಚ್ಚಾಗಿ ಸ್ನಾಯುವಿಗೇ ಚುಚ್ಚುತ್ತಿದ್ದರು. ಸೂಜಿ ಎಲ್ಲಿ ಇಳಿಯಿತೋ ಅಲ್ಲಿಯ ನರವೇ ಉತ್ತರವಾಗಿ ಬಂತು, ಆಶ್ಚರ್ಯ ಎಂತದ್ದು?

ಸುದ್ದಿ ತರುವ ನರಕೋಶಗಳು ಬೆನ್ನುಹುರಿಯ ಪಕ್ಕದಲ್ಲಿ ಸಣ್ಣ ಸಣ್ಣ ಗಂಟುಗಳಾಗಿ ಕೂತಿರುತ್ತವೆ. ಕೋಶ ಸೊಂಟದ ಹತ್ತಿರ ಇದ್ದರೂ ಅದರ ಎಳೆ ಹಿಮ್ಮಡಿಯವರೆಗೆ ಚಾಚಿರುತ್ತದೆ. 1987ರಲ್ಲಿ ಇಲಿಯ ಇಂಥ ಕೋಶಗಳನ್ನು ಎರಡು ಭಾಗದ ತಟ್ಟೆಯಲ್ಲಿ ಬೆಳೆಸಿದರು. ಒಂದು ಕಡೆ ಕೋಶ, ಇನ್ನೊಂದು ಕಡೆ ಎಳೆಯ ತುದಿ. ತುದಿಯ ಕಡೆ ವೈರಸ್ ಹಾಕಿದರೆ ಅದು ಎಳೆಯೊಳಗೇ ಸಾಗಿ ಕೋಶಕ್ಕೆ ಬಂತು. ಎಳೆಯೊಳಗಿನ ಹಳಿಗಳನ್ನು ಕೆಡಿಸುವ ಔಷಧಿ ಹಾಕಿದಾಗ ಪ್ರಯಾಣ ನಿಂತಿತು. 1989ರಲ್ಲಿ ಮನುಷ್ಯನ ಕೋಶಗಳಲ್ಲಿ ವೇಗ ಅಳೆದರು: ದಿನಕ್ಕೆ 50ರಿಂದ 100 ಮಿಲಿಮೀಟರ್. ಹೆಚ್ಚುಕಮ್ಮಿ ಒಂದು ಬೆರಳುದ್ದ.

ಆ ಲೆಕ್ಕದಲ್ಲಿ ಮಗುವಿನ ಹಿಮ್ಮಡಿಯಿಂದ ಸೊಂಟಕ್ಕೆ ಹತ್ತು ದಿನದ ದಾರಿ. ಆದರೆ ರೋಗ ಕಾಣಿಸುವುದು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಿಗೆ. ನರ ಹತ್ತುವ ಮೊದಲು ವೈರಸ್ ಕಚ್ಚಿದ ಜಾಗದಲ್ಲೇ ದಿನ ಕಳೆಯಬಹುದು. ಸೋಪು, ಲಸಿಕೆ, ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದೊಳಗೇ ಕೊಡುವ ಸಿದ್ಧ ಪ್ರತಿಕಾಯದ ಸೀರಮ್, ಎಲ್ಲಕ್ಕೂ ಸಿಗುವ ಸಮಯ ಅದೇ.

ಸುದ್ದಿ ತರುವ ಕೋಶಗಳಲ್ಲೂ ಜಾತಿಗಳಿವೆ. ಮುಟ್ಟಿದ್ದನ್ನು, ಕೀಲು ಎಷ್ಟು ಮಡಚಿದೆ ಎಂಬುದನ್ನು ತಿಳಿಸುವ ದೊಡ್ಡ ಕೋಶಗಳು. ನೋವು, ಬಿಸಿ, ತುರಿಕೆ ತಿಳಿಸುವ ಸಣ್ಣವು. 1998ರಲ್ಲಿ ಪಿ75 ಎಂಬ ಪ್ರೋಟೀನನ್ನು ವೈರಸ್ ಹಿಡಿದುಕೊಳ್ಳುತ್ತದೆ ಎಂದು ತಿಳಿಯಿತು. ನೋವು ತಿಳಿಸುವ ಹಲವು ಕೋಶಗಳ ಮೇಲೆ ಇದು ಇರುತ್ತದೆ. ಸರಿ, ದಾರಿ ಸಿಕ್ಕಿತು ಎನ್ನುವಷ್ಟರಲ್ಲಿ, 2007ರಲ್ಲಿ ಪಿ75 ಸರಿಯಾಗಿ ಇಲ್ಲದ ಇಲಿಗಳಿಗೂ ಸೋಂಕು ತಗಲಿತು. 2013ರಲ್ಲಿ ಕೊಲಂಬಿಯಾ ದೇಶದ ಸಂಶೋಧಕರು ಸ್ನಾಯು ಬಿಟ್ಟು ಇಲಿಯ ಅಂಗಾಲಿಗೇ ವೈರಸ್ ಹಾಕಿ ನೋಡಿದರು. ಮೊದಲು ಸಿಕ್ಕಿಬಿದ್ದದ್ದು ಹೆಚ್ಚಾಗಿ ದೊಡ್ಡ ಕೋಶಗಳು. ಅಪ್ಪಣೆಯ ನರಕ್ಕೆ ಸೋಂಕು ತಲುಪಿದ್ದು ಆಮೇಲೆ.

ಹಾಗಂತ ಪಿ75 ಸುಮ್ನೆ ಅಲ್ಲ. ಅದನ್ನು ಹಿಡಿದ ವೈರಸ್, ಅದೇ ಪಿ75ರಲ್ಲಿ ದಿನಾ ಓಡಾಡುವ ಮಾಮೂಲಿ ಸರಕಿಗಿಂತ ವೇಗವಾಗಿ ಹೋಗುತ್ತದೆ ಎಂದು 2014ರಲ್ಲಿ ಟೆಲ್ ಅವೀವ್‌ನ ಲ್ಯಾಬೊಂದು ತೋರಿಸಿತು. ಮಂಗಳೂರಿಗೆ ಹೋಗುವ ಸರ್ವಿಸ್ ಬಸ್ಸು ಹತ್ತಿ, ಡ್ರೈವರಿನಿಂದ ಅದನ್ನೇ ಎಕ್ಸ್‌ಪ್ರೆಸ್ ಮಾಡಿಸಿದ ಹಾಗೆ.

ಇಲಿಯ ಅಂಗಾಲು ಬೇರೆ, ನಮ್ಮ ಹಿಮ್ಮಡಿ ಬೇರೆ, ನಿಜ. ಆದರೂ ಚರ್ಮದ ನರವನ್ನು ಇಷ್ಟು ವರ್ಷ ಪಕ್ಕಕ್ಕಿಟ್ಟದ್ದು ಜಾಸ್ತಿಯಾಯಿತು ಎಂದು ನನಗೆ ಅನಿಸುತ್ತದೆ. ರೋಗಿಗಳೇ ಇದನ್ನು ಹೇಳುತ್ತಿದ್ದರಲ್ವಾ? ಗಾಯ ಒಣಗಿದ ಮೇಲೂ ಅದೇ ಜಾಗದಲ್ಲಿ ಜುಮುಜುಮು, ಉರಿ, ತುರಿಕೆ ಶುರುವಾಗುವುದು ರೇಬೀಸ್‌ನ ಮೊದಲ ಲಕ್ಷಣಗಳಲ್ಲೊಂದು. ಬೆನ್ನುಹುರಿಯ ಪಕ್ಕದ ಆ ಗಂಟುಗಳು ಉರಿಯೂತಕ್ಕೆ ಸಿಕ್ಕಿದಾಗ ಹೀಗಾಗುತ್ತದೆ ಎನ್ನುತ್ತಾರೆ. ಕೊನೆಗೆ ವೈರಸ್ ಮಿದುಳಿನಿಂದ ವಾಪಸ್ ಹೊರಡುವುದೂ ನರದಲ್ಲೇ, ಜೊಲ್ಲಿನ ಗ್ರಂಥಿಗೂ ಚರ್ಮಕ್ಕೂ. ಪರೀಕ್ಷೆಗೆಂದು ಕತ್ತಿನ ಹಿಂಭಾಗದಿಂದ ಕೂದಲ ಬುಡ ಸಮೇತ ಚೂರು ಚರ್ಮ ತೆಗೆಯುವುದು ಅದಕ್ಕೇ.

ಪಕ್ಕದ ಮನೆಯ ಹುಡುಗನಿಗೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಎರಡೂ ತೋಳಿನ ಚರ್ಮದೊಳಗೆ ಲಸಿಕೆ ಹಾಕಿದರು. ಕೊನೆಯ ದಿನ ಬೆಂಚಿನ ಮೇಲೆ ಕೂತು ಅವನು ಹಿಮ್ಮಡಿ ಕೆರೆದುಕೊಳ್ಳಲು ಶುರು ಮಾಡಿದ. ಅಮ್ಮನ ಮುಖ ಬಿಳಿಚಿತು. ಡಾಕ್ಟರ್ ಕನ್ನಡಕ ಏರಿಸಿ, ಬಗ್ಗಿ ನೋಡಿ, "ಇದು ಸೊಳ್ಳೆ ಕಚ್ಚಿದ್ದು" ಎಂದರು.