ಹನ್ನೆರಡೇ ಜನರಿದ್ದ ಕೊರಿಪ್ಪೊಗೆ ಸ್ವಂತ ಪಂಚಾಯ್ತಿ ಹೇಗಿತ್ತು?

ಓದುಗರ ಪ್ರಶ್ನೆ: ಸ್ವಿಟ್ಜರ್ಲೆಂಡಿನಲ್ಲಿ ಹನ್ನೆರಡೇ ಜನ ಇರುವ ಒಂದು ಊರಿಗೆ ಅದರದ್ದೇ ಪಂಚಾಯ್ತಿ, ಅಧ್ಯಕ್ಷ ಎಲ್ಲ ಇದೆ ಅಂತ ಓದಿದೆ. ನಿಜವಾ? ಅಷ್ಟು ಕಮ್ಮಿ ಜನ ಯಾಕೆ? ಪಕ್ಕದ ಊರಿಗೆ ಸೇರಿಸಿಬಿಟ್ಟರೆ ಆಗಲ್ವಾ?

ಉತ್ತರ: ನಿಜ, ಆದರೆ ಸುದ್ದಿ ಸ್ವಲ್ಪ ಹಳೆಯದು. ನೀವು ಓದಿದ್ದು ಕೊರಿಪ್ಪೊ ಬಗ್ಗೆ ಇರಬೇಕು. ದಕ್ಷಿಣ ಸ್ವಿಟ್ಜರ್ಲೆಂಡಿನಲ್ಲಿ ಇಟಾಲಿಯನ್ ಮಾತಾಡುವ ಟಿಚೀನೊ ಅನ್ನುವ ಕ್ಯಾಂಟನ್, ಅಂದರೆ ನಮ್ಮ ರಾಜ್ಯದ ಥರದ್ದು, ಇದೆ. ಅಲ್ಲಿನ ಊರು ಅದು. ಇಡೀ ದೇಶದಲ್ಲೇ ಅತಿ ಕಡಿಮೆ ಜನರಿದ್ದ ಪಂಚಾಯ್ತಿ ಅನ್ನುವ ಹೆಸರು ಬಹಳ ವರ್ಷ ಅದಕ್ಕಿತ್ತು. 2020ರ ಅಕ್ಟೋಬರ್ 18ರಂದು ಅದನ್ನು ವೆರ್ಜಾಸ್ಕ ಎಂಬ ಹೊಸ ಪಂಚಾಯ್ತಿಗೆ ಸೇರಿಸಿದರು. ಅಂದರೆ ನೀವು ಕೇಳಿದ ಕೊನೆಯ ಮಾತು ಆಗಲೇ ಆಗಿಹೋಗಿದೆ. ಊರು ಮಾತ್ರ ಇದ್ದಲ್ಲೇ ಇದೆ.

ಮೊದಲು ಊರು ಎಲ್ಲಿದೆ ಅಂತ ನೋಡೋಣ. ಯಾಕೆಂದರೆ ಜನ ಕಮ್ಮಿಯಾಗಲು ಅರ್ಧ ಕಾರಣ ಆ ಜಾಗವೇ.

ಮಜೋರೆ ಸರೋವರದ ದಡದಲ್ಲಿ ಲೊಕಾರ್ನೊ ಅನ್ನುವ ಪಟ್ಟಣವಿದೆ. ಅದರ ಪಕ್ಕದಲ್ಲೇ ವೆರ್ಜಾಸ್ಕ ನದಿ ಬೆಟ್ಟಗಳ ಸಂದಿಯಿಂದ ಇಳಿದು ಸರೋವರ ಸೇರುತ್ತದೆ. ಆ ನದಿಯ ಕಣಿವೆಯೊಳಗೆ ಹೊರಟರೆ ಮೊದಲು ಎದುರಾಗುವುದು 220 ಮೀಟರ್ ಎತ್ತರದ ಕಾಂಕ್ರೀಟ್ ಅಣೆಕಟ್ಟು. 1995ರ ಜೇಮ್ಸ್ ಬಾಂಡ್ ಸಿನಿಮಾದ ಶುರುವಿನಲ್ಲಿ ಒಬ್ಬ ಹಗ್ಗ ಕಟ್ಟಿಕೊಂಡು ಕೆಳಗೆ ಧುಮುಕುವುದು ಇದೇ ಅಣೆಕಟ್ಟಿನಿಂದ. 1960ರ ದಶಕದಲ್ಲಿ ಇದನ್ನು ಕಟ್ಟಿದಾಗ ಹಿಂದೆ ವೊಗೊರ್ನೊ ಅನ್ನುವ ಉದ್ದನೆಯ ಕೆರೆಯಾಯಿತು. ಕಣಿವೆಯ ತಳದ ಒಂದಷ್ಟು ಮನೆ, ಜಮೀನು ಅದರಲ್ಲಿ ಮುಳುಗಿದವು. ಆ ಕೆರೆಯ ಮೇಲ್ತುದಿಯಲ್ಲಿ, ಎದುರು ಬೆಟ್ಟದ ಕಡಿದಾದ ಇಳಿಜಾರಿಗೆ ಅಂಟಿಕೊಂಡ ಹಾಗೆ ಕಾಣುವ ಬೂದು ಬಣ್ಣದ ಮನೆಗಳ ಗುಂಪೇ ಕೊರಿಪ್ಪೊ. ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರ. ಅಷ್ಟೇನೂ ಎತ್ತರವಲ್ಲ, ನಮ್ಮ ಬೆಂಗಳೂರೇ ಅದಕ್ಕಿಂತ ಮೇಲಿದೆ. ತೊಂದರೆ ಇರುವುದು ಇಳಿಜಾರಿನಲ್ಲಿ.

ಪಂಚಾಯ್ತಿಯಾಗಿದ್ದಾಗ ಅದರ ವಿಸ್ತೀರ್ಣ ಸುಮಾರು 7.7 ಚದರ ಕಿಲೋಮೀಟರ್. ಹನ್ನೆರಡು ಜನಕ್ಕೆ ಇದು ಭಾರೀ ಆಸ್ತಿ ಅನಿಸುತ್ತೆ, ಅಲ್ವಾ? ಆದರೆ ಬಹುಪಾಲು ಕಾಡು, ಉಳಿದದ್ದರಲ್ಲಿ ಬಂಡೆ ಜಾಸ್ತಿ. ಉಳುಮೆಗೆ ಸಮತಟ್ಟಾದ ನೆಲ ಬೇಕೆಂದರೆ ಕಲ್ಲಿನ ಗೋಡೆ ಕಟ್ಟಿ, ಮಣ್ಣು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ತಾವೇ ಮಾಡಿಕೊಳ್ಳಬೇಕಿತ್ತು.

ಮನೆಗಳೂ ಅಲ್ಲಿನ ಕಲ್ಲಿನವೇ. ಗೋಡೆ ಕಲ್ಲು, ಮೆಟ್ಟಿಲು ಕಲ್ಲು, ಮಾಡು ಕೂಡ ಕಲ್ಲು. ಮಾಡಿಗೆ ಹೊದಿಸುವ ಚಪ್ಪಡಿಗಳನ್ನು ಅಲ್ಲಿಯವರು ಪಿಯೊದೆ ಅನ್ನುತ್ತಾರೆ. ಒಂದರ ಮೇಲೊಂದು ಅರ್ಧ ಅರ್ಧ ಏರಿಸಿ ಇಡುತ್ತಾರೆ. ಅವು ತಮ್ಮ ಭಾರಕ್ಕೇ ಕೂತಿರುತ್ತವೆ. ಅಷ್ಟು ಭಾರ ಹೊರುವುದಕ್ಕೆ ಕೆಳಗೆ ದಪ್ಪ ತೊಲೆಗಳು ಬೇಕು. ಜಾಗ ಕಮ್ಮಿ ಇರುವುದರಿಂದ ಒಂದು ಮನೆಯ ಮಾಡು ಹಿಂದಿನ ಮನೆಯ ಬಾಗಿಲಿನ ಮಟ್ಟಕ್ಕೆ ಬರುತ್ತದೆ. ನಡುವೆ ಇರುವುದು ನಡೆದಾಡುವಷ್ಟೇ ಅಗಲದ ಓಣಿಗಳು. ಕಾರು ಊರ ಬಾಗಿಲಲ್ಲೇ ನಿಲ್ಲಬೇಕು.

ಇಂಥ ಊರಲ್ಲಿ 19ನೇ ಶತಮಾನದ ನಡುವೆ ಸುಮಾರು 300 ಜನ ಇದ್ದರು ಅಂದರೆ ನಂಬುತ್ತೀರಾ? ಇದ್ದರು. ಹೊಟ್ಟೆಗೆ ಏನು ಮಾಡುತ್ತಿದ್ದರು ಅನ್ನುವುದು ನನಗೆ ಈ ಊರಿನ ಕಥೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿ.

ಮೇಕೆ, ರೈ ಧಾನ್ಯ, ಚೆಸ್ಟ್‌ನಟ್ ಕಾಯಿ. ಮುಖ್ಯವಾಗಿ ಇಷ್ಟೇ. ಇವುಗಳಲ್ಲಿ ಚೆಸ್ಟ್‌ನಟ್ ಇಲ್ಲದಿದ್ದರೆ ಟಿಚೀನೊದ ಬೆಟ್ಟದೂರುಗಳೇ ಇರುತ್ತಿರಲಿಲ್ಲ. ಶರತ್ಕಾಲದಲ್ಲಿ ಉದುರಿದ ಕಾಯಿ ಆರಿಸಿ, ಗ್ರಾ ಅನ್ನುವ ಚಿಕ್ಕ ಕಲ್ಲಿನ ಮನೆಗೆ ಒಯ್ಯುತ್ತಿದ್ದರು. ಒಳಗೆ ಅಟ್ಟ. ಅಟ್ಟದ ಮೇಲೆ ಕಾಯಿ, ಕೆಳಗೆ ಸಣ್ಣ ಬೆಂಕಿ. ಉರಿ ಏಳಬಾರದು, ಹೊಗೆ ನಿಲ್ಲಬಾರದು. ಮೂರು ವಾರದ ಆಸುಪಾಸು ಹಗಲೂ ರಾತ್ರಿ ಹೀಗೆ ಒಣಗಿಸಿ, ಆಮೇಲೆ ಚೀಲಕ್ಕೆ ತುಂಬಿ ಬಡಿದರೆ ಸಿಪ್ಪೆ ಬಿಡುತ್ತಿತ್ತು. ಹಾಗೆ ಒಣಗಿದ ಕಾಯಿ ವರ್ಷವಿಡೀ ಕೆಡುತ್ತಿರಲಿಲ್ಲ. ಬೇಯಿಸಿ ತಿನ್ನಬಹುದು, ಬೀಸಿ ಹಿಟ್ಟೂ ಮಾಡಬಹುದು.

ಇಷ್ಟರಲ್ಲೇ ವರ್ಷ ಸಾಗುತ್ತಿರಲಿಲ್ಲ. ಹಾಗಾಗಿ ಈ ಕಣಿವೆಯವರು ಒಂದೇ ಕಡೆ ನೆಲೆ ನಿಂತವರೇ ಅಲ್ಲ. ಬೇಸಿಗೆಗೆ ದನ, ಮೇಕೆ ಹೊಡೆದುಕೊಂಡು ಎತ್ತರದ ಹುಲ್ಲುಗಾವಲಿಗೆ ಹೋಗುತ್ತಿದ್ದರು. ಚಳಿಗಾಲಕ್ಕೆ ಕೆಳಗಿನ ಮಗಾದಿನೊ ಬಯಲಿಗೆ ಇಳಿಯುತ್ತಿದ್ದರು. ಅಲ್ಲಿ ಅವರಿಗೆ ದ್ರಾಕ್ಷಿ ತೋಟ, ಹುಲ್ಲಿನ ಜಮೀನು ಇತ್ತು. ಆ ಬಯಲು ಆಗ ಜೌಗು, ಮಲೇರಿಯಾ ಬೇರೆ. 1888ರಲ್ಲಿ ಟಿಚೀನೊ ನದಿಗೆ ದಂಡೆ ಕಟ್ಟುವ ಕೆಲಸ ಶುರುವಾದ ಮೇಲೆ ನಿಧಾನವಾಗಿ ಒಣಗಿ ಒಳ್ಳೆಯ ಕೃಷಿ ಭೂಮಿಯಾಯಿತು.

ಬಡತನಕ್ಕೆ ಇನ್ನೊಂದು ಮುಖವೂ ಇತ್ತು. ಈ ಕಣಿವೆಗಳ ಚಿಕ್ಕ ಹುಡುಗರನ್ನು ಚಳಿಗಾಲದಲ್ಲಿ ಇಟಲಿಯ ಮಿಲಾನ್ ಕಡೆಗೆ ಹೊಗೆಗೂಡು ಗುಡಿಸುವ ಕೆಲಸಕ್ಕೆ ಕಳಿಸುತ್ತಿದ್ದರು. ಮೈ ಸಣ್ಣಗಿದ್ದರೆ ತಾನೇ ಚಿಮಣಿಯೊಳಗೆ ಹತ್ತಲು ಆಗುವುದು? ಮನೆಯಲ್ಲಿ ಒಂದು ಹೊಟ್ಟೆ ಕಮ್ಮಿಯಾಗುತ್ತಿತ್ತು. ಕೆಲವು ಹುಡುಗರು ವಾಪಸ್ ಬರಲೇ ಇಲ್ಲ.

1850ರ ದಶಕದಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿತು ಅಂತ ಸುದ್ದಿ ಬಂತು. ಟಿಚೀನೊದ ಬೆಟ್ಟದೂರುಗಳಿಂದ ಗಂಡಸರು ಸಾಲ ಮಾಡಿ ಹಡಗು ಹತ್ತಿದರು. ಆಮೇಲೆ ಕ್ಯಾಲಿಫೋರ್ನಿಯಾ ಕರೆಯಿತು. ಅಲ್ಲಿ ಹಾಲು ಕರೆಯುವ ಕೆಲಸಕ್ಕೆ ಜನ ಬೇಕಿತ್ತು, ಇವರಿಗೆ ಅದು ಹುಟ್ಟಿನಿಂದ ಬಂದ ವಿದ್ಯೆ. ಹೋದವರಲ್ಲಿ ಬಹಳ ಜನ ಅಲ್ಲೇ ಉಳಿದರು. 20ನೇ ಶತಮಾನದಲ್ಲಿ ದೂರ ಹೋಗುವ ಅಗತ್ಯವೂ ಇರಲಿಲ್ಲ. ಲೊಕಾರ್ನೊದಲ್ಲಿ, ಬಯಲಿನ ಕಾರ್ಖಾನೆಗಳಲ್ಲಿ ಕೆಲಸ ಸಿಗುತ್ತಿತ್ತು. ಶಾಲೆ, ಅಂಗಡಿ, ಆಸ್ಪತ್ರೆ ಎಲ್ಲ ಕೆಳಗೇ. 2000ದ ಜನಗಣತಿ ಹೊತ್ತಿಗೆ ಕೊರಿಪ್ಪೊದಲ್ಲಿ ಉಳಿದವರು 22 ಜನ. ಆಮೇಲೆ ಅದು ಹತ್ತು ಹನ್ನೆರಡಕ್ಕೆ ಬಂತು. ಅವರಲ್ಲೂ ಹೆಚ್ಚಿನವರು ವಯಸ್ಸಾದವರು.

ಇಲ್ಲಿ ಒಂದು ಮಾತು ಗಮನಿಸಬೇಕು. ಹನ್ನೆರಡು ಅನ್ನುವ ಲೆಕ್ಕ ಅಲ್ಲೇ ಕಾಯಂ ವಾಸ ಅಂತ ದಾಖಲಾದವರದ್ದು ಮಾತ್ರ. ಊರಿನ ಹೆಚ್ಚಿನ ಮನೆಗಳಿಗೆ ಒಡೆಯರಿದ್ದಾರೆ. ಲೊಕಾರ್ನೊದಲ್ಲೋ ಇನ್ನೆಲ್ಲೋ ಇದ್ದುಕೊಂಡು ರಜೆಯಲ್ಲಿ ಬಂದು ಬೀಗ ತೆಗೆಯುತ್ತಾರೆ. ಇನ್ನು ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರನ್ನು ಬರೆಯುವುದಿಲ್ಲ, ಮೂಲದ ಊರನ್ನು ಬರೆಯುತ್ತಾರೆ. ಮುತ್ತಜ್ಜ ಯಾವ ಊರಿನ ಹಕ್ಕುದಾರನೋ ಆ ಊರು. ಜ್ಯೂರಿಕ್‌ನಲ್ಲಿ ಹುಟ್ಟಿ ಬೆಳೆದವನ ಪಾಸ್‌ಪೋರ್ಟಿನಲ್ಲೂ ಅವನು ಒಮ್ಮೆಯೂ ಕಾಣದ ಬೆಟ್ಟದೂರಿನ ಹೆಸರು ಇರಬಹುದು. ಹಾಗಾಗಿ ಕೊರಿಪ್ಪೊದಲ್ಲಿ ಇದ್ದವರು ಎಷ್ಟು ಅನ್ನುವುದು ಒಂದು ಲೆಕ್ಕ, ಕೊರಿಪ್ಪೊದವರು ಎಷ್ಟು ಅನ್ನುವುದು ಬೇರೆಯೇ ಲೆಕ್ಕ.

ಸರಿ, ಇಷ್ಟು ಕಮ್ಮಿ ಜನಕ್ಕೆ ಪಂಚಾಯ್ತಿ ಯಾಕಿತ್ತು?

ನಮಗೆ ಇದು ವಿಚಿತ್ರ ಅನಿಸುವುದು ಸಹಜ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಒಂದು ಗ್ರಾಮ ಪಂಚಾಯ್ತಿಗೆ 5,000ದಿಂದ 7,000 ಜನ ಇರಬೇಕು. ಮಲೆನಾಡು, ಕರಾವಳಿ ಜಿಲ್ಲೆಗಳಿಗೆ 2,500ರವರೆಗೆ ರಿಯಾಯಿತಿ. ಅಂದರೆ ನಮ್ಮಲ್ಲಿ ಸರ್ಕಾರ ಮೊದಲು, ಜನರನ್ನು ಎಣಿಸಿ ಪಂಚಾಯ್ತಿಯ ಗೆರೆ ಎಳೆಯುವುದು ಆಮೇಲೆ. ಸ್ವಿಟ್ಜರ್ಲೆಂಡಿನಲ್ಲಿ ಕಥೆ ಉಲ್ಟಾ. ಟಿಚೀನೊ ಒಂದು ಕ್ಯಾಂಟನ್ ಆಗಿದ್ದೇ 1803ರಲ್ಲಿ. ಅದಕ್ಕೂ ಮೊದಲು, 16ನೇ ಶತಮಾನದ ಶುರುವಿನಿಂದ 1798ರವರೆಗೆ, ಲೊಕಾರ್ನೊ ಸೀಮೆಯನ್ನು ಆಳಿದವರು ಬೆಟ್ಟದಾಚೆಯ ಸ್ವಿಸ್ ಒಕ್ಕೂಟದವರು. ಅಷ್ಟೆಲ್ಲ ಆಗುವ ಮೊದಲೇ ಕಣಿವೆಯವರು ತಮ್ಮ ಕಾಡು, ಹುಲ್ಲುಗಾವಲು, ನೀರಿನ ಹಂಚಿಕೆಯನ್ನು ಕೂಡಿ ಕೂತು ತೀರ್ಮಾನ ಮಾಡುತ್ತಿದ್ದರು. ಮೇಲೆ ಆಳುವವರು ಬದಲಾದರು, ಈ ಕೂಟ ಉಳಿಯಿತು. ಜನ ಖಾಲಿಯಾದರೂ ಗಡಿ ಹಾಗೇ ಇತ್ತು.

ಆ ಪಂಚಾಯ್ತಿಯ ಅಧಿಕಾರವೂ ಸಣ್ಣದಲ್ಲ. ಸ್ವಿಸ್ ಪಂಚಾಯ್ತಿ ಆದಾಯ ತೆರಿಗೆಯಲ್ಲಿ ತನ್ನ ಪಾಲು ಎಷ್ಟು ಅಂತ ತಾನೇ ನಿಗದಿ ಮಾಡುತ್ತದೆ. ಪೌರತ್ವ ಕೇಳಿ ಬಂದ ವಿದೇಶಿಯ ಅರ್ಜಿ ಪಂಚಾಯ್ತಿ, ಕ್ಯಾಂಟನ್, ಒಕ್ಕೂಟ ಮೂರೂ ಕಡೆ ಪಾಸಾಗಬೇಕು. ಶಾಲೆ, ನೀರು, ಕಸ, ಕಟ್ಟಡ ಪರವಾನಗಿ ಎಲ್ಲ ಇವರದ್ದೇ. ಚಿಕ್ಕ ಊರುಗಳಲ್ಲಿ ವೋಟಿರುವ ಎಲ್ಲರೂ ಸಭೆಯಲ್ಲಿ ಕೂತು ಬಜೆಟ್ ಪಾಸು ಮಾಡುತ್ತಾರೆ. ಟಿಚೀನೊದಲ್ಲಿ ಆಡಳಿತ ಮಂಡಳಿಗೆ ಕನಿಷ್ಠ ಮೂರು ಜನ ಬೇಕು, ಅವರಲ್ಲಿ ಒಬ್ಬರು ಸಿಂದಕೊ, ಅಂದರೆ ಅಧ್ಯಕ್ಷರು. ಹನ್ನೆರಡರಲ್ಲಿ ಮೂವರು! ಊರಿನ ಕಾಲು ಭಾಗವೇ ಸರ್ಕಾರ. ಕೇಳಲು ಮಜವಾಗಿದೆ. ಆದರೆ ವಯಸ್ಸಾದವರೇ ತುಂಬಿದ ಊರಲ್ಲಿ ಪ್ರತಿ ಸಲ ಆ ಮೂವರನ್ನು ಹುಡುಕುವುದು ಸುಮ್ನೆ ಅಲ್ಲ. ದುಡ್ಡಿಗೂ ಕ್ಯಾಂಟನ್ ಕಡೆ, ಸಿರಿವಂತ ಪಂಚಾಯ್ತಿಗಳಿಂದ ಬಡ ಪಂಚಾಯ್ತಿಗಳಿಗೆ ಬರುವ ನೆರವಿನ ಕಡೆ ನೋಡಬೇಕಾಗುತ್ತಿತ್ತು.

ಇದು ಕೊರಿಪ್ಪೊ ಒಂದರದ್ದೇ ಪಾಡಲ್ಲ. 1850ರಲ್ಲಿ ದೇಶದಲ್ಲಿ 3,200 ಪಂಚಾಯ್ತಿಗಳಿದ್ದವು, ಈಗ 2,100ರ ಆಸುಪಾಸು. ಗ್ಲಾರುಸ್ ಕ್ಯಾಂಟನ್ನಿನವರು 2006ರಲ್ಲಿ ಬಯಲಿನಲ್ಲಿ ಸೇರುವ ತಮ್ಮ ಮಹಾಸಭೆಯಲ್ಲಿ ಕೈ ಎತ್ತಿ 25 ಪಂಚಾಯ್ತಿಗಳನ್ನು ಮೂರಕ್ಕೆ ಇಳಿಸಿದರು. 2011ರಿಂದ ಅದು ಜಾರಿಯಲ್ಲಿದೆ. ಟಿಚೀನೊದಲ್ಲಿ 1990ರ ದಶಕದಲ್ಲಿ 240ಕ್ಕೂ ಹೆಚ್ಚು ಇದ್ದದ್ದು ಈಗ ನೂರರ ಹತ್ತಿರ ಬಂದಿದೆ.

ವೆರ್ಜಾಸ್ಕದ ವಿಲೀನದಲ್ಲಿ ಮಾತ್ರ ಒಂದು ವಿಶೇಷ ತೊಡಕಿತ್ತು. ಚಳಿಗಾಲಕ್ಕೆ ಬಯಲಿಗೆ ಇಳಿಯುತ್ತಿದ್ದರು ಅಂದೆನಲ್ಲ, ಆ ಅಲೆದಾಟದ ಗುರುತು ನಕ್ಷೆಯಲ್ಲಿ ಉಳಿದುಕೊಂಡಿತ್ತು. ಲವೆರ್ತೆಜ್ಜೊ ಅನ್ನುವ ಪಂಚಾಯ್ತಿಗೆ ಕಣಿವೆಯಲ್ಲಿ ಒಂದು ತುಂಡು, ಕೆಳಗೆ ಬಯಲಿನಲ್ಲಿ ಇನ್ನೊಂದು ತುಂಡು. ಗೆರ್ರಾ ಕೂಡ ಹಾಗೇ. ಕಾಲ ಕಳೆದಂತೆ ಬಯಲಿನ ತುಂಡಿನಲ್ಲಿ ಜನ, ಕಾರ್ಖಾನೆ, ತೆರಿಗೆ ಎಲ್ಲ ಬೆಳೆಯಿತು. ಕಣಿವೆಯ ತುಂಡು ಸೊರಗಿತು. ಹಾಗಾಗಿ ಬರೀ ಕೂಡಿಸಿದರೆ ಸಾಲದು, ಕತ್ತರಿಸಲೂ ಬೇಕಿತ್ತು. ಕೊನೆಗೆ ಬ್ರಿಯೊನೆ, ಕೊರಿಪ್ಪೊ, ಫ್ರಾಸ್ಕೊ, ಸೊನೊಞ್ಞೊ, ವೊಗೊರ್ನೊ ಪೂರ್ತಿಯಾಗಿ ಸೇರಿದವು. ಲವೆರ್ತೆಜ್ಜೊ ಮತ್ತು ಗೆರ್ರಾದ ಕಣಿವೆಯ ಭಾಗಗಳನ್ನಷ್ಟೇ ಬೇರ್ಪಡಿಸಿ ತಂದರು. ಕಣಿವೆಯ ಬಹುಪಾಲು ಈಗ ಒಂದು ಪಂಚಾಯ್ತಿ. ಎಲ್ಲ ಸೇರಿದರೂ ಜನ ಸಾವಿರ ಮುಟ್ಟುವುದಿಲ್ಲ.

ಅತಿ ಚಿಕ್ಕ ಪಂಚಾಯ್ತಿ ಅನ್ನುವ ಪಟ್ಟ ಈಗ ಯಾರಿಗೆ ಅಂತ ಕೇಳುತ್ತೀರಿ. ಸೊಲೊಥುರ್ನ್ ಕ್ಯಾಂಟನ್ನಿನ ಕಾಮರ್ಸ್‌ರೋರ್, ವಾಲೆ ಕ್ಯಾಂಟನ್ನಿನ ಬಿಸ್ಟರ್ ಇಂಥವು ಕೆಳಗಿನ ಸಾಲಿನಲ್ಲಿವೆ. ಮೂವತ್ತರ ಆಸುಪಾಸು ಜನ. ಕೊರಿಪ್ಪೊ ಎದುರು ಇವು ದೊಡ್ಡ ಊರುಗಳೇ ಬಿಡಿ.

ಇನ್ನು ಕೊರಿಪ್ಪೊ ಖಾಲಿಯಾಗಿ ಬಿದ್ದುಹೋಗುತ್ತಾ? ಬೀಳದಂತೆ ನೋಡಿಕೊಳ್ಳುವ ಕೆಲಸ 1975ರಲ್ಲೇ ಶುರುವಾಗಿದೆ. ಯುರೋಪಿನಾದ್ಯಂತ ವಾಸ್ತು ಪರಂಪರೆಯ ವರ್ಷ ಅಂತ ಆಚರಿಸಿದಾಗ ಸ್ವಿಟ್ಜರ್ಲೆಂಡ್ ಮಾದರಿಯಾಗಿ ಆರಿಸಿದ ಕೆಲವೇ ಊರುಗಳಲ್ಲಿ ಇದೂ ಒಂದು. ಅದಕ್ಕೆಂದೇ ಕೊರಿಪ್ಪೊ 1975 ಅನ್ನುವ ಪ್ರತಿಷ್ಠಾನ ಹುಟ್ಟಿತು. ಊರು ಹಳೇ ರೂಪದಲ್ಲೇ ಉಳಿದಿದೆ ಅಂದರೆ ಅದಕ್ಕೆ ಈ ಕಾಳಜಿ ಕಾರಣ. ಆದರೆ ನನ್ನ ಅನಿಸಿಕೆ ಕೇಳಿದರೆ, ಮನೆ ಉಳಿಸುವುದು ಸಾಧ್ಯವಾಯಿತು, ಮಂದಿಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ಚಿಕ್ಕ ಕಿಟಕಿ, ಕಾರು ಬರದ ಓಣಿ ನೋಡುವವರಿಗೆ ಚೆಂದ. ಎರಡು ಮಕ್ಕಳಿರುವ ಸಂಸಾರಕ್ಕೆ ಅದು ದಿನದಿನದ ಕಷ್ಟ.

ಪ್ರತಿಷ್ಠಾನ ಕೊನೆಗೆ ಹಿಡಿದ ದಾರಿ ಇಟಲಿಯಲ್ಲಿ ಮೊದಲು ಶುರುವಾದದ್ದು. ಹೊಸ ಹೋಟೆಲ್ ಕಟ್ಟುವ ಬದಲು ಊರಿನ ಖಾಲಿ ಮನೆಗಳನ್ನೇ ಅಲ್ಲೊಂದು ಇಲ್ಲೊಂದು ಕೋಣೆಯಾಗಿ ಮಾಡುವುದು. ಊರಿನ ಊಟದ ಮನೆಯೇ ರಿಸೆಪ್ಷನ್. ಓಣಿಗಳೇ ಹೋಟೆಲಿನ ವರಾಂಡ. 2022ರಲ್ಲಿ ಇದು ಬಾಗಿಲು ತೆರೆಯಿತು, ಸ್ವಿಟ್ಜರ್ಲೆಂಡಿನಲ್ಲಿ ಈ ಬಗೆಯದ್ದು ಇದೇ ಮೊದಲು. ಹಾಸಿಗೆ ಬಾಡಿಗೆಗೆ ಪಡೆದವರು ಜನಸಂಖ್ಯೆಯ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ಚಳಿಗೆ ಒಲೆ ಹೊತ್ತಿಸುವ, ಮಾಡಿನ ಚಪ್ಪಡಿ ಜಾರಿದರೆ ಅವತ್ತೇ ಸರಿ ಮಾಡಿಸುವ ಯಾರೋ ಒಬ್ಬರು ಊರಲ್ಲಿ ಇರುತ್ತಾರೆ.

ಹೋಗುವ ಯೋಚನೆ ಇದ್ದರೆ ಲೊಕಾರ್ನೊದಿಂದ ಕಣಿವೆಯ ಬಸ್ ಹತ್ತಿ, ಕೊರಿಪ್ಪೊ ಕವಲಿನಲ್ಲಿ ಇಳಿದು, ಮೇಲಕ್ಕೆ ನಡೆಯಿರಿ. ಜುಲೈ, ಆಗಸ್ಟ್‌ನ ಶನಿವಾರ ಭಾನುವಾರ ಬೇಡ. 2017ರಲ್ಲಿ ಇಟಲಿಯ ಹುಡುಗರು ಈ ನದಿಯನ್ನು ಮಿಲಾನಿನ ಮಾಲ್ಡೀವ್ಸ್ ಅಂತ ಹಾಡಿ ಹೊಗಳಿದ ವಿಡಿಯೋ ಹರಡಿದ ಮೇಲೆ, ಲವೆರ್ತೆಜ್ಜೊದ ಜೋಡಿ ಕಮಾನಿನ ಹಳೇ ಸೇತುವೆ ಹತ್ತಿರ ಕಾಲಿಡಲು ಜಾಗ ಇರುವುದಿಲ್ಲ. ನೀರು ಹಸಿರಾಗಿ, ತಳ ಕಾಣುವಷ್ಟು ತಿಳಿಯಾಗಿದೆ ಅಂತ ಇಳಿಯಲು ಹೋಗಬೇಡಿ. ಅದು ಬೆಟ್ಟದ ಕೊರೆಯುವ ನೀರು, ಬಂಡೆಗಳ ನಡುವೆ ಸೆಳೆತ ಜೋರು. ಈಜು ಬಲ್ಲವರೂ ಅಲ್ಲಿ ಸತ್ತಿದ್ದಾರೆ.