ರೇಸ್ ಕಾರ್ಡ್ ಓದುವುದು ಹೇಗೆ: ಹೊಸಬರಿಗೆ ಒಂದಿಷ್ಟು ಟಿಪ್ಪಣಿ

ನಮ್ಮ ಚಿಕ್ಕಮಗಳೂರಲ್ಲಿ ಕುದುರೆ ರೇಸಿನ ಕೋರ್ಸ್ ಇಲ್ಲ. ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಆದರೆ ಫಾರ್ಮ್, ಅಂದರೆ ಕುದುರೆ ಹಿಂದೆ ಹೇಗೆ ಓಡಿತ್ತು ಅನ್ನುವುದನ್ನು ಓದಲು ಕಲಿಯೋಕೆ ಕೋರ್ಸ್ ಬೇಕಿಲ್ಲ, ಒಂದು ರೇಸ್ ಕಾರ್ಡ್ (ಆ ದಿನದ ರೇಸುಗಳ, ಕುದುರೆಗಳ ಪಟ್ಟಿ), ಒಂದು ಪೆನ್ಸಿಲ್ ಇದ್ದರೆ ಮನೆ ಜಗಲಿಯೇ ಸಾಕು. ದುಡ್ಡು ಕಟ್ಟುವ ಮಾತು ಬೇರೆ, ಅದನ್ನು ಕೊನೆಗೆ ನೋಡೋಣ.

ಕುದುರೆಯ ಹೆಸರಿನ ಪಕ್ಕ 4 2 1 0 ಅಂತ ಇದೆ ಅಂದುಕೊಳ್ಳಿ. ಒಂದೊಂದು ಅಂಕಿಯೂ ಒಂದೊಂದು ರೇಸಿನಲ್ಲಿ ಅದು ಎಷ್ಟನೆಯದಾಗಿ ಬಂತು ಅನ್ನುವುದು. ಸಾಮಾನ್ಯವಾಗಿ ಎಡಗಡೆಯದು ಹಳೆಯದು, ಬಲತುದಿಯದು ಹೊಸದು. ಸೊನ್ನೆ ಅಂದರೆ ಹತ್ತನೆಯದು ಅಥವಾ ಅದಕ್ಕಿಂತ ಹಿಂದೆ. ಅಂದರೆ ಈ ಕುದುರೆ ನಾಲ್ಕು, ಎರಡು ಅಂತ ಮೇಲೆ ಬಂದು, ಗೆದ್ದು, ಕೊನೆಯ ರೇಸಿನಲ್ಲಿ ಎಲ್ಲೋ ಹಿಂದೆ ಉಳಿಯಿತು. ಇದರ ಕಥೆ ಮುಗಿಯಿತು ಅಂತ ಮುಂದಕ್ಕೆ ಹೋಗಬೇಡಿ. ಆ ಸೊನ್ನೆ ಯಾಕೆ ಬಂತು ಅನ್ನುವುದರಲ್ಲೇ ಅರ್ಧ ಪಾಠ ಇದೆ.

ನಮ್ಮಲ್ಲಿ ಜಾಸ್ತಿ ರೇಸುಗಳು ಹ್ಯಾಂಡಿಕ್ಯಾಪ್. ಪ್ರತಿ ಕುದುರೆಗೂ ಒಂದು ರೇಟಿಂಗ್ ಇರುತ್ತದೆ. ರೇಟಿಂಗ್ ಜಾಸ್ತಿ ಇದ್ದರೆ ಬೆನ್ನ ಮೇಲಿನ ತೂಕವೂ ಜಾಸ್ತಿ, ಒಂದು ಪಾಯಿಂಟಿಗೆ ಅರ್ಧ ಕೆಜಿ ಲೆಕ್ಕ. 45 ರೇಟಿಂಗಿನದು 60 ಕೆಜಿ ಹೊತ್ತರೆ, 35 ರೇಟಿಂಗಿನದು 55 ಕೆಜಿ ಹೊರುತ್ತದೆ. ತೂಕ ಅಂದರೆ ಜಾಕಿ, ಜೀನು ಎಲ್ಲ ಸೇರಿ, ಕಮ್ಮಿ ಬಿದ್ದರೆ ಸೀಸದ ತುಂಡು ಸೇರಿಸುತ್ತಾರೆ. ಅಂದಾಜಿಗೆ ಹೇಳುವುದಾದರೆ ಐವತ್ತು ಕೆಜಿಯ ಒಂದು ಕಾಫಿ ಮೂಟೆ, ಮೇಲೆ ಇನ್ನೊಂದಿಷ್ಟು! ಎಲ್ಲ ಕುದುರೆಗಳೂ ಒಟ್ಟಿಗೆ ಗೆರೆ ದಾಟುವ ಹಾಗೆ ತೂಕ ಹಂಚುವುದು ಹ್ಯಾಂಡಿಕ್ಯಾಪರ್‌ನ ಕೆಲಸ. ಹಾಗಾಗುವುದಿಲ್ಲ ಅನ್ನಿ, ಆದರೆ ಗುರಿ ಅದೇ.

ಈಗ ಆ ಸೊನ್ನೆಗೆ ವಾಪಸ್ ಬನ್ನಿ. ಗೆದ್ದ ಕುದುರೆಯ ರೇಟಿಂಗ್ ಏರುತ್ತದೆ, ಏರಿದರೆ ತೂಕ ಹೆಚ್ಚುತ್ತದೆ, ಇಲ್ಲವೇ ಮೇಲಿನ ಕ್ಲಾಸಿಗೆ (ರೇಟಿಂಗ್ ನೋಡಿ ಮಾಡಿದ ಗುಂಪು) ಹೋಗಿ ತನಗಿಂತ ಗಟ್ಟಿ ಕುದುರೆಗಳ ಜೊತೆ ಓಡಬೇಕಾಗುತ್ತದೆ. ಅಲ್ಲಿ ಸೊನ್ನೆ ಬಂದರೆ ಆಶ್ಚರ್ಯ ಏನಿದೆ? ಹಾಗೇ ಎರಡು ಮೂರು ಸಲ ಸೋತರೆ ರೇಟಿಂಗ್ ಇಳಿದು ಮತ್ತೆ ಹಳೆ ಕ್ಲಾಸಿಗೇ ಬರಬಹುದು. ಕಾರ್ಡಿನಲ್ಲಿ ಬರೀ ಸೊನ್ನೆ ಕಾಣುವ ಈ ಕುದುರೆಯನ್ನು ಹೊಸಬರು ಬಿಟ್ಟುಬಿಡುತ್ತಾರೆ, ಹಳಬರು ಮಾತ್ರ ಅದು ಹಿಂದೆ ಯಾವ ಕ್ಲಾಸಿನಲ್ಲಿ, ಎಷ್ಟು ತೂಕ ಹೊತ್ತು ಗೆದ್ದಿತ್ತು ಅಂತ ಹುಡುಕುತ್ತಾರೆ. ಅದಕ್ಕೇ ಅಂಕಿ ನೋಡುವ ಮೊದಲು ಕ್ಲಾಸು, ತೂಕ, ದೂರ ಈ ಮೂರನ್ನು ನೋಡಿ.

ದೂರದ ವಿಷಯ ಸುಲಭ. 1000, 1200 ಮೀಟರ್ ಅಂದರೆ ಚುರುಕು ಓಟದವರದು, ಸ್ಪ್ರಿಂಟ್. 1600 ಅಂದರೆ ಸುಮಾರು ಒಂದು ಮೈಲಿ. ಮುಂಬೈಯ ಇಂಡಿಯನ್ ಡರ್ಬಿ 2400. ಸ್ಪ್ರಿಂಟಿನಲ್ಲಿ 1 ಬಂದ ಕುದುರೆ 2000ದಲ್ಲಿ ಏದುಸಿರು ಬಿಡಬಹುದು.

ಸೋತಿದ್ದು ಎಷ್ಟರಿಂದ ಅನ್ನುವುದೂ ಮುಖ್ಯ. ಸಣ್ಣ ಅಂತರದಿಂದ ದೊಡ್ಡದಕ್ಕೆ ಶಾರ್ಟ್ ಹೆಡ್, ಹೆಡ್ (ತಲೆಯಷ್ಟು), ನೆಕ್ (ಕುತ್ತಿಗೆಯಷ್ಟು), ಆಮೇಲೆ ಲೆಂತ್. ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ, ಸುಮಾರು ಎಂಟು ಅಡಿ. ಒಟ್ಟು ಎರಡು ಲೆಂತ್ ಒಳಗೆ ಐದನೆಯದಾಗಿ ಬಂದದ್ದು ಹತ್ತು ಲೆಂತ್ ಹಿಂದೆ ಬಿದ್ದ ಎರಡನೆಯದಕ್ಕಿಂತ ಎಷ್ಟೋ ವಾಸಿ, ಅಲ್ವಾ?

ಮೈದಾನದ ಸ್ಥಿತಿಗೆ ಗೋಯಿಂಗ್ ಅಂತಾರೆ. ಪೆನಿಟ್ರೊಮೀಟರ್ ಅನ್ನುವ ಸಲಕರಣೆ ನೆಲಕ್ಕೆ ಎಷ್ಟು ಇಳಿಯುತ್ತದೆ ಅಂತ ಅಳೆಯುತ್ತಾರೆ, ಅಂಕಿ ಜಾಸ್ತಿ ಇದ್ದಷ್ಟೂ ನೆಲ ಮೆತ್ತಗೆ. ಚಾಮುಂಡಿ ಬೆಟ್ಟದ ಬುಡದ ಮೈಸೂರು ಕೋರ್ಸಿನಲ್ಲಿ ಮಳೆಗಾಲದಲ್ಲೂ ಓಟ ಇರುತ್ತದೆ. ಮಳೆ ಅಂದರೆ ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ಕುದುರೆಗಳು ಒದ್ದೆ ನೆಲದಲ್ಲೇ ಚೆನ್ನಾಗಿ ಓಡುತ್ತವೆ.

ಇನ್ನು ಟ್ರ್ಯಾಕ್ ವರ್ಕ್. ಇಂಗ್ಲಿಷ್ ಪೇಪರಿನ ಕ್ರೀಡಾ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಬೆಳಗಿನ ತಾಲೀಮಿನ ವರದಿ. '1000 ಮೀ: 1-12, 600/43' ಅಂದರೆ ಸಾವಿರ ಮೀಟರಿಗೆ 1 ನಿಮಿಷ 12 ಸೆಕೆಂಡು, ಅದರಲ್ಲಿ ಕೊನೆಯ ಆರುನೂರಕ್ಕೆ 43 ಸೆಕೆಂಡು. ಪಕ್ಕದಲ್ಲಿ ಈಸಿ, ಪ್ಲೀಸ್ಡ್ (ಓಟ ಹಿಡಿಸಿತು), ಮೂವ್ಡ್ ಫ್ರೀಲಿ (ಸಲೀಸಾಗಿ ಓಡಿತು) ಅಂತ ಒಂದೆರಡು ಮಾತು. ಟೈಮಿಗಿಂತ ನಾನು ಈ ಮಾತನ್ನೇ ಹೆಚ್ಚು ನೋಡುವುದು. ತಾಲೀಮು ಬಹಳ ಸಲ ಮರಳಿನ ಟ್ರ್ಯಾಕಿನ ಮೇಲೆ, ರೇಸು ಹುಲ್ಲಿನ ಮೇಲೆ, ಹಾಗಾಗಿ ಎರಡರ ಟೈಮನ್ನು ತಾಳೆ ಹಾಕಬಾರದು. 'ಈಸಿ' ಅಂತ ಇದ್ದರೆ ಸವಾರ ಜೋರು ಮಾಡಿಲ್ಲ ಅಂತ, ಕುದುರೆ ನಿಧಾನ ಅಂತಲ್ಲ.

ವಯಸ್ಸು, ಗಂಡು ಹೆಣ್ಣಿನ ಪದಗಳು ಬೇಗ ಬರುತ್ತವೆ. ಎಳೆ ಗಂಡು ಕೋಲ್ಟ್, ಎಳೆ ಹೆಣ್ಣು ಫಿಲ್ಲಿ, ಬೀಜ ಒಡೆದದ್ದು ಗೆಲ್ಡಿಂಗ್. ಇನ್ನೂ ಒಂದೂ ಗೆಲ್ಲದಿದ್ದರೆ ಮೇಡನ್. ಅಪ್ಪ ಸೈರ್, ಅಮ್ಮ ಡ್ಯಾಮ್. ಯಾವ ತಿಂಗಳಲ್ಲಿ ಹುಟ್ಟಿದ್ದರೂ ಜನವರಿ 1ಕ್ಕೆ ಎಲ್ಲಕ್ಕೂ ಒಂದು ವರ್ಷ ಜಾಸ್ತಿ. ಹಾಸನದ ಮೇಲೆ ಬೆಂಗಳೂರಿಗೆ ಹೋಗುವಾಗ ಕುಣಿಗಲ್ ಸಿಗುತ್ತದಲ್ಲ, ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಅಲ್ಲಿನ ಸ್ಟಡ್ ಫಾರ್ಮಿನ ಮರಿಗಳೂ ಕಾರ್ಡಿನಲ್ಲಿ ಸಿಗುತ್ತವೆ.

ಕೊನೆಗೆ ದುಡ್ಡು. ವಿನ್ ಅಂದರೆ ಗೆಲ್ಲಬೇಕು, ಪ್ಲೇಸ್ ಅಂದರೆ ಮೊದಲ ಎರಡು ಮೂರರಲ್ಲಿ ಬಂದರೆ ಸಾಕು, ತನಾಲಾ ಅಂದರೆ ಮೊದಲ ಮೂರನ್ನೂ ಅದೇ ಕ್ರಮದಲ್ಲಿ ಹೇಳಬೇಕು. ಕುದುರೆ ರೇಸು ಜಾಣ್ಮೆಯ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆದರೆ ಟೋಟಿನಲ್ಲಿ (ಎಲ್ಲರ ದುಡ್ಡನ್ನೂ ಒಟ್ಟು ಸೇರಿಸಿ ಗೆದ್ದವರಿಗೆ ಹಂಚುವ ವ್ಯವಸ್ಥೆ) ಕಟ್ಟಿದ ದುಡ್ಡನ್ನು ಹಂಚುವ ಮೊದಲೇ ಕಡಿತ ಆಗುತ್ತದೆ, ಮೇಲೆ ಜಿಎಸ್‌ಟಿ. 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶೇ. 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 40. ಇಷ್ಟು ಕೊಟ್ಟು ಗೆಲ್ಲುವ ಜಾಣ್ಮೆ ನನಗಂತೂ ಇಲ್ಲ, ಸುಮ್ನೆ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ಸಂಜೆ ರಿಸಲ್ಟ್ ನೋಡುತ್ತೇನೆ.